ಕೊಳ್ಳೇಗಾಲ ಸೀಮೆಯ ಕಥಾಗಾಯನ ಮೇಳಗಳು

ಕೊಳ್ಳೇಗಾಲ ಸೀಮೆಯ ಕಥಾಗಾಯನ ಮೇಳಗಳು ಎಂದರೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿಯೂ ಅವಕ್ಕೆ ಹೊಂದಿಕೊಂಡ ಮಳವಳ್ಳಿ, ತಿರುಮಕೂಡಲು ನರಸೀಪುರ ಭಾಗಗಳಲ್ಲಿಯೂ ಮಲೆಯ ಮಹದೇಶ್ವರ ಹಾಗೂ ಮಂಟೇಸ್ವಾಮಿಯ ಕಥನಕಾವ್ಯಗಳನ್ನು ಹಾಡುವ ಸಣ್ಣ ಗಾಯಕ ತಂಡಗಳು. ಮಹದೇಶ್ವರನ ಕಾವ್ಯವನ್ನು ಹಾಡುವವರನ್ನು ದೇವರಗುಡ್ಡರು ಅಥವಾ ಕಂಸಾಳೆಯವರು ಎಂದೂ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವವರನ್ನು ನೀಲಗಾರರು ಎಂದೂ ಕರೆಯುತ್ತಾರೆ. ಮೂರರಿಂದ ಐದಾರು ಮಂದಿ ಇರುವ ಮೇಳವು ಒಂದು ಕೂಟಕ್ಕೆ ಸಾಮಾನ್ಯವಾಗಿ ಒಂದೇ ಕಥಾಭಾಗವನ್ನು ಆರಿಸಿಕೊಂಡು ಇರುಳೆಲ್ಲ ಹಾಡುತ್ತದೆ. ಈ ಕಥಾಭಾಗಕ್ಕೆ ‘ಸಾಲು’ ಎಂದು ಹೆಸರು.

ಕಂಸಾಳೆ ಎಂದೊಡನೆ ನಾಡಿನ ಬಹುಜನರಿಗೆ ನೆನಪಾಗುವುದು ವೇದಿಕೆಯ ಮೇಲಿನ ವೀರಾವೇಶದ ಕುಣಿತ. ವಾಸ್ತವದಲ್ಲಿ ಇದು ಮೊದಲು ಹಾಡುಗಾರಿಕೆ, ಆಮೇಲೆ ಕುಣಿತ. ಆ ಹಾಡುಗಾರಿಕೆಯಲ್ಲಿಯೂ ಮುಖ್ಯ ಗಾಯಕನಷ್ಟೇ ಹೊಣೆ ಹೊರುವವರು ಅವನ ಹಿಂದೆ ಕುಳಿತ ಹಿಮ್ಮೇಳದವರು.

ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಹನೂರು ತಾಲ್ಲೂಕು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು. ಆಡಳಿತದ ಗೆರೆ ಹೀಗೆ ನಡುವೆ ಹಾದುಹೋಗಿದ್ದರೂ ಹಾಡುವವರು ಅದನ್ನು ಲೆಕ್ಕಿಸಿದಂತೆ ತೋರುವುದಿಲ್ಲ. ಮಹದೇಶ್ವರನ ಒಕ್ಕಲು ಮೈಸೂರು ಸೀಮೆಯಲ್ಲಿ ಎಷ್ಟಿದೆಯೋ ಸೇಲಂ, ಈರೋಡು, ಧರ್ಮಪುರಿ ಕಡೆಯಲ್ಲಿಯೂ ದೊಡ್ಡದಾಗಿಯೇ ಇದೆ. ಕಾವ್ಯದ ಪ್ರಮುಖ ಪಾತ್ರಗಳಲ್ಲೊಬ್ಬನಾದ ಜುಂಜೇಗೌಡನ ಊರು ಆಲಂಬಾಡಿ. ದನಗಳ ತಳಿಯೊಂದಕ್ಕೆ ತನ್ನ ಹೆಸರು ಕೊಟ್ಟ ಆಲಂಬಾಡಿಯೇ ಅದು.

ಯಳಂದೂರಿಗೆ ಬರೆಹದ ಕಾವ್ಯಪರಂಪರೆಯೂ ಉಂಟು. ‘ಹದಿಬದೆಯ ಧರ್ಮ’ವನ್ನು ಬರೆದ 17ನೆಯ ಶತಮಾನದ ಸಂಚಿಯ ಹೊನ್ನಮ್ಮ ಈ ಊರಿನವಳು. ಅದೇ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ‘ಗೋರುಗೋರುಕ’ ಹಾಡುಗಳಿವೆ. ಒಬ್ಬರು ಎತ್ತಿಕೊಟ್ಟದ್ದನ್ನು ಗುಂಪು ಹಿಡಿದು ಹಾಡುವ ಕ್ರಮ ಅಲ್ಲಿಯೂ ಕಾಣುತ್ತದೆ. ಓದು ಬಲ್ಲವರ ಕಾವ್ಯ ಒಂದೆಡೆ, ಕಾಡಿನವರ ಸಾಮೂಹಿಕ ಹಾಡು ಇನ್ನೊಂದೆಡೆ. ಮಹದೇಶ್ವರ, ಮಂಟೇಸ್ವಾಮಿಯರ ಮೇಳಗಳು ಬೆಳೆದಿರುವುದು ಇವೆರಡರ ನಡುವಿನ ಬಯಲುಹಳ್ಳಿಗಳಲ್ಲಿ.

ಗಾಯಕರು ಮತ್ತು ದೀಕ್ಷೆ

ಹಾಡುವ ಹಕ್ಕು ಕಲಿಕೆಯಿಂದಷ್ಟೇ ಬರುವುದಲ್ಲ. ಪರಂಪರೆಯಲ್ಲಿ ಅದಕ್ಕೆ ದೀಕ್ಷೆಯೂ ಬೇಕು. ‘ದೇವರಗುಡ್ಡ’ ಎಂದರೆ ದೇವರಿಗೆ ಒಪ್ಪಿಸಲ್ಪಟ್ಟ ಶಿಷ್ಯ. ಮಕ್ಕಳಿಲ್ಲದವರು, ಕಾಯಿಲೆಯಿಂದ ನರಳಿದವರು ಮಾದಪ್ಪನಿಗೆ ಹರಕೆ ಹೊತ್ತು ಮನೆಯ ಮಗನೊಬ್ಬನನ್ನು ಗುಡ್ಡನನ್ನಾಗಿ ಬಿಡುವುದು ಹಳೆಯ ರೂಢಿ. ಮಲೆ ಮಹದೇಶ್ವರ ಬೆಟ್ಟದ ದೇವಾಲಯದಲ್ಲಿ ಪೂಜೆ ಮಾಡುವವರು ಬೇಡಗಂಪಣರು. ಬೆಟ್ಟದ ಸಾಲೂರು ಮಠ ಈ ಪಂಥದ ಗುರುಪೀಠ. ದೀಕ್ಷೆ ಪಡೆದ ಗುಡ್ಡನು ರುದ್ರಾಕ್ಷಿ ಧರಿಸಿ, ಜೋಳಿಗೆ ಮತ್ತು ಕಂಸಾಳೆ ಹಿಡಿದು ಮನೆಮನೆಯ ಮುಂದೆ ಹಾಡಿ ಭಿಕ್ಷೆ ಸ್ವೀಕರಿಸುತ್ತಾನೆ. ಈ ಭಿಕ್ಷೆಯನ್ನು ತಿರುಪೆಯೆಂದು ತಿಳಿಯಬಾರದು. ಅದು ವ್ರತದ ಅಂಗ. ಹೊಲ, ಮನೆ ಇದ್ದವನೂ ಬೇಡಲೇಬೇಕು. ಹಾಲುಮತದ ಕುರುಬರು, ಬೆಸ್ತರು, ಉಪ್ಪಾರರು, ಹೊಲೆಯರು ಮೊದಲಾದ ಅನೇಕ ಸಮುದಾಯಗಳಲ್ಲಿ ಗುಡ್ಡರಿದ್ದಾರೆ.

ನೀಲಗಾರರಲ್ಲಿ ದಲಿತರು ಬಹುಸಂಖ್ಯೆಯಲ್ಲಿದ್ದಾರೆ. ಬೇರೆ ಒಕ್ಕಲುಗಳವರೂ ‘ನೀಲಗಾರ ದೀಕ್ಷೆ’ ಪಡೆಯುವುದುಂಟು. ಮಂಟೇಸ್ವಾಮಿಯ ಗದ್ದುಗೆಯಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಅವನ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಅವಿಭಜಿತ ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ. ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯದು ಕಪ್ಪಡಿಯಲ್ಲಿ. ನೀಲಗಾರರ ಸಂಚಾರದ ಹಾದಿಗಳು ಈ ಮೂರು ಸ್ಥಳಗಳನ್ನು ಕೂಡಿಸುತ್ತವೆ.

ಸಾಲು: ಒಂದು ಇರುಳಿನ ಕಥಾವಸ್ತು

ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಆದ್ದರಿಂದ ಅದನ್ನು ಸಾಲುಗಳಾಗಿ ಒಡೆದುಕೊಂಡಿದ್ದಾರೆ. ಸಾಲಿನಿಂದ ಒಡೆದ ಕವಲುಗಳಿಗೆ ‘ಕವಟ್ಲು’ ಎಂಬ ಮಾತೂ ಬಳಕೆಯಲ್ಲಿದೆ. ಮಹದೇಶ್ವರ ಕಾವ್ಯದಲ್ಲಿ ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು ಮುಖ್ಯವಾದವು. ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣವಾದ ಕಥೆ. ಹಿಂದಿನ ಸಾಲನ್ನು ಕೇಳದವನಿಗೂ ಅರ್ಥವಾಗುತ್ತದೆ. ಕೇಳಿದವನಿಗೆ ಹೆಚ್ಚು ಅರ್ಥವಾಗುತ್ತದೆ.

ಸಾಲಿಗೊಂದು ಭಾವವೂ ಉಂಟು. ಜುಂಜೇಗೌಡ ಸಿರಿವಂತ ಕುರುಬ. ಬೆಟ್ಟದಲ್ಲಿ ಮಾದಪ್ಪನಿಗೆ ಗುಡಿ ಕಟ್ಟಿಸಿದವನು. ಅವನ ಸಾಲಿನಲ್ಲಿ ಸೊಕ್ಕು ಕರಗಿ ಭಕ್ತಿಯಾಗುವ ಬಗೆ ಹಾಡಾಗುತ್ತದೆ. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಸಿರಿಯ ಮದ, ಭಿಕ್ಷೆ ಕೊಡದ ಬಿಗಿ ಕೈ, ಆಮೇಲಿನ ಪತನ. ಕೇಳುಗರು ನಗುವುದು ಈ ಸಾಲಿನಲ್ಲಿ. ಅಳುವುದು ಸಂಕಮ್ಮನ ಸಾಲಿನಲ್ಲಿ.

ಸಂಕಮ್ಮ ಕಾಡಿನ ಬೇಟೆಗಾರ ನೀಲೇಗೌಡನ ಹೆಂಡತಿ. ಬೇಟೆಗೆ ಹೊರಟ ಗಂಡ, ತಾನು ಹಿಂದಿರುಗುವವರೆಗೆ ಪತಿವ್ರತೆಯಾಗಿರುವೆನೆಂದು ಭಾಷೆ ಕೊಡೆನ್ನುತ್ತಾನೆ. ಅವಳು ಕೊಡಲೊಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ, ಗುಡಿಸಲಲ್ಲಿ ಕೂಡಿಟ್ಟು ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಮಹದೇಶ್ವರ ಜಂಗಮನಾಗಿ ಬಂದು ಬಿಡಿಸುತ್ತಾನೆ. ಇಬ್ಬರು ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಆ ಮಕ್ಕಳು ಮುಂದೆ ಮಾದಪ್ಪನ ಗುಡ್ಡರಾಗುತ್ತಾರೆ. ಗಂಡ ಮರಳಿದ ಮೇಲೆ ಸಂಕಮ್ಮ ಮತ್ತೆ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಭಾಷೆ ಕೇಳುವುದೇ ಅವಮಾನ ಎಂಬ ಒಂದು ಹೆಣ್ಣಿನ ನಿಲುವು ಈ ಸಾಲಿನ ತಿರುಳು. ‘ಹದಿಬದೆಯ ಧರ್ಮ’ ಹುಟ್ಟಿದ ಸೀಮೆಯಲ್ಲಿಯೇ ಪಾತಿವ್ರತ್ಯದ ಬಗೆಗೆ ಇಂಥ ಕಟುವಾದ ಪ್ರಶ್ನೆಯೂ ಹಾಡಾಗಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೇಳದಲ್ಲಿರುವವರು ಬಹುಮಟ್ಟಿಗೆ ಗಂಡಸರು. ಹೆಣ್ಣಿನ ಸಂಕಟವನ್ನು ಗಂಡುದನಿಗಳು ಇರುಳೆಲ್ಲ ಹೊತ್ತು ಹಾಡುವುದು ಈ ಪರಂಪರೆಯ ಒಂದು ವಿಶೇಷ.

ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣಪಟ್ಟಣದ ಸಾಲು ಪ್ರಸಿದ್ಧವಾದುದು. ಮೈಯೆಲ್ಲ ಹುಣ್ಣು, ದುರ್ನಾತದ ವೇಷದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬಂದು ಅಲ್ಲಿನ ಶರಣರನ್ನು ಪರೀಕ್ಷಿಸುತ್ತಾನೆ. ನೆರೆದವರು ಅಸಹ್ಯಪಟ್ಟು ಸರಿಯುತ್ತಾರೆ. ಗುರುತಿಸುವವರು ಬಸವಣ್ಣ ಮತ್ತು ನೀಲಮ್ಮ. ಶರಣರ ಊರಿನಲ್ಲಿಯೂ ಕೀಳೆಂದು ದೂರ ಇಡಲ್ಪಟ್ಟವರು ಇದ್ದರೇ ಎಂಬ ಪ್ರಶ್ನೆಯನ್ನು ದಲಿತ ಗಾಯಕರು ಈ ಸಾಲಿನ ಮೂಲಕ ಕೇಳುತ್ತ ಬಂದಿದ್ದಾರೆ. ಇನ್ನೊಂದು ದೊಡ್ಡ ಸಾಲಿನಲ್ಲಿ ಪಾಂಚಾಳರ ಮಗ ಕೆಂಪಾಚಾರಿ ಸಿದ್ದಪ್ಪಾಜಿಯಾಗುತ್ತಾನೆ. ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಹೋಗಿ ಅವರೊಡ್ಡಿದ ಪವಾಡಗಳನ್ನು ಗೆಲ್ಲುತ್ತಾನೆ.

ಮೇಳದ ರಚನೆ ಮತ್ತು ಹಿಮ್ಮೇಳ

ಮೇಳದ ಮುಂದಾಳು ಕಥೆಗಾರ. ಉಳಿದವರು ಹಿಮ್ಮೇಳ. ಕಥೆಗಾರ ಒಂದು ನುಡಿಯನ್ನು ಹಾಡುತ್ತಾನೆ. ಹಿಮ್ಮೇಳದವರು ಅದರ ಕೊನೆಯ ಭಾಗವನ್ನೋ ಮೊದಲೇ ಗೊತ್ತುಮಾಡಿಕೊಂಡ ಸೊಲ್ಲನ್ನೋ ಹಿಡಿದು ಮರುಹಾಡುತ್ತಾರೆ. ಸೊಲ್ಲು ಎಂದರೆ ಪಲ್ಲವಿಯಂತೆ ಮತ್ತೆ ಮತ್ತೆ ಬರುವ ಸಾಲು. ಒಂದು ಘಟನೆ ಮುಗಿದು ಇನ್ನೊಂದು ತೊಡಗುವಾಗ ಸೊಲ್ಲೂ ಮಟ್ಟೂ ಬದಲಾಗುತ್ತವೆ. ನಡುನಡುವೆ ಕಥೆಗಾರ ಹಾಡು ನಿಲ್ಲಿಸಿ ರಾಗವಾಗಿ ಮಾತಿನಲ್ಲಿ ಕಥೆ ಹೇಳುತ್ತಾನೆ. ಆಗ ಹಿಮ್ಮೇಳದವನೊಬ್ಬ ಹೂಂಗುಡುತ್ತಾನೆ; ಕೆಲವೊಮ್ಮೆ ‘ಆಮೇಲೆ?’ ಎಂಬಂತೆ ಪ್ರಶ್ನೆಯನ್ನೂ ಹಾಕುತ್ತಾನೆ. ಛತ್ತೀಸಗಡದ ಪಂಡವಾನಿಯಲ್ಲಿ ‘ರಾಗಿ’ ಎಂಬ ಸಹಗಾಯಕ ಮಾಡುವ ಕೆಲಸವೂ ಇಂಥದ್ದೇ. ಒಬ್ಬರೇ ನಿಂತು ನಡೆಸುವ ಹರಿಕಥೆಗಿಂತ ಇದು ಈ ಕಾರಣದಿಂದ ಬೇರೆ.

ಹೊಸದಾಗಿ ಕೇಳುವವರಿಗೆ, ಅದರಲ್ಲಿಯೂ ಪುಸ್ತಕದಲ್ಲಿ ಓದುವವರಿಗೆ, ಇಲ್ಲಿನ ಪುನರಾವರ್ತನೆ ಬೇಸರ ತರಿಸುವುದುಂಟು. ಆದರೆ ಆ ಪುನರಾವರ್ತನೆಯೇ ಮೇಳದ ಯಂತ್ರ. ಹಿಮ್ಮೇಳ ಸೊಲ್ಲನ್ನು ಹಾಡುವ ಆ ಕೆಲವು ಕ್ಷಣಗಳಲ್ಲಿ ಕಥೆಗಾರ ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಾನೆ. ಅವನು ಕಂಠಪಾಠವನ್ನು ಒಪ್ಪಿಸುತ್ತಿರುವುದಿಲ್ಲ. ಕಥೆಯ ಎಲುಬು, ಸಿದ್ಧ ನುಡಿಗಟ್ಟು, ವರ್ಣನೆ ಅವನ ಬಳಿ ಇರುತ್ತವೆ. ಅವುಗಳಿಂದ ಆ ರಾತ್ರಿಯ ಹಾಡನ್ನು ಆ ರಾತ್ರಿಯೇ ಕಟ್ಟುತ್ತಾನೆ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯದ ಗಾಯಕರಲ್ಲಿ ಗುರುತಿಸಿದ್ದು ಇದೇ ಬಗೆಯ ರಚನಾಕ್ರಮವನ್ನು. ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಜಗತ್ತಿಗೆ ತಿಳಿಯಿತು. ಒಂದು ವ್ಯತ್ಯಾಸವಿದೆ. ಅಲ್ಲಿನ ಗಾಯಕ ಒಂಟಿಯಾಗಿ ತಂತಿವಾದ್ಯ ಹಿಡಿದು ಹಾಡುತ್ತಿದ್ದ. ಯೋಚಿಸಲು ಅವನಿಗೆ ಬಿಡುವು ಕೊಡುವವರು ಇರಲಿಲ್ಲ. ಇಲ್ಲಿ ಆ ಬಿಡುವನ್ನು ಹಿಮ್ಮೇಳ ಕೊಡುತ್ತದೆ. ಕಥೆಗಾರ ಎಡವಿದರೆ ಸೊಲ್ಲನ್ನು ಇನ್ನೊಂದು ಸುತ್ತು ಹಾಡಿ ಕೇಳುಗರಿಗೆ ತಿಳಿಯದಂತೆ ಕಾಪಾಡುವವರೂ ಅವರೇ. ಆದುದರಿಂದ ಒಳ್ಳೆಯ ಕಥೆಗಾರನಿದ್ದೂ ಹೊಂದಿಕೆಯ ಹಿಮ್ಮೇಳವಿಲ್ಲದಿದ್ದರೆ ಇರುಳಿಡೀ ಹಾಡುವುದು ಕಷ್ಟ.

ವಾದ್ಯಗಳು

ಕಂಸಾಳೆಯು ಕಂಚಿನ ಜೋಡಿತಾಳ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನಂತೆ ಆಳವಾಗಿರುತ್ತದೆ. ಬಲಗೈಯದು ನಡುವೆ ಗುಬುಟಿರುವ ಚಪ್ಪಟೆ ಬಿಲ್ಲೆ, ಅದಕ್ಕೆ ದಾರ ಮತ್ತು ಗೊಂಡೆ. ಬಟ್ಟಲಿನ ಅಂಚಿಗೆ ತಾಕಿಸಿದಾಗ ಒಂದು ನಾದ, ಬಾಯಿ ಮುಚ್ಚುವಂತೆ ಬಡಿದಾಗ ಇನ್ನೊಂದು. ಕುಳಿತು ಹಾಡುವಾಗ ಇದರ ದನಿ ಮೆಲ್ಲಗಿರುತ್ತದೆ, ಮಾತನ್ನು ನುಂಗಬಾರದು. ನೀಲಗಾರರ ಪ್ರಧಾನ ವಾದ್ಯ ತಂಬೂರಿ. ಅದನ್ನು ಶ್ರುತಿಗಷ್ಟೇ ಅಲ್ಲದೆ ಲಯಕ್ಕೂ ಮೀಟುತ್ತಾರೆ. ಒಳಗೆ ಗುಂಡುಗಳಿರುವ ಟೊಳ್ಳು ಲೋಹದ ಬಳೆಯಾದ ಗಗ್ಗರ, ಸಣ್ಣ ಚರ್ಮವಾದ್ಯವಾದ ದಮ್ಮಡಿ ಜೊತೆಗಿರುತ್ತವೆ.

ಹಾಡುವ ಸಂದರ್ಭಗಳು

ಮಲೆ ಮಹದೇಶ್ವರ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳು ದೊಡ್ಡವು. ಅಮಾವಾಸ್ಯೆಗಳಲ್ಲಿಯೂ ಜನ ಸೇರುತ್ತಾರೆ. ಕಾಲುನಡಿಗೆಯಲ್ಲಿ ಬೆಟ್ಟಕ್ಕೆ ಹೋಗುವ ಪರಿಸೆಯವರು ತಂಗುವಲ್ಲಿ ಹಾಡು ನಡೆಯುತ್ತದೆ. ಮನೆಯಲ್ಲಿ ಹರಕೆ ತೀರಿಸುವಾಗ, ಹೊಸಮನೆಯ ಒಕ್ಕಲಾಗುವಾಗ, ಸಾವಿನ ಮನೆಯ ತಿಥಿಯ ರಾತ್ರಿಯಲ್ಲಿಯೂ ಮೇಳ ಕರೆಸುವುದುಂಟು. ಯಾವ ಸಾಲು ಎಂಬುದನ್ನು ಕರೆಸಿದವರ ಇಷ್ಟ, ಸಂದರ್ಭ ನಿರ್ಧರಿಸುತ್ತವೆ.

ನೀಲಗಾರರಿಗೆ ಚಿಕ್ಕಲ್ಲೂರು ಜಾತ್ರೆಯೇ ವರ್ಷದ ದೊಡ್ಡ ಕೂಟ. ಜನವರಿ ತಿಂಗಳ ಹುಣ್ಣಿಮೆಯಿಂದ ಐದು ದಿನ ನಡೆಯುವ ಈ ಜಾತ್ರೆ ಮೊದಲ ರಾತ್ರಿಯ ‘ಚಂದ್ರಮಂಡಲ’ದಿಂದ ಆರಂಭವಾಗುತ್ತದೆ, ಬಿದಿರಿನಿಂದ ಕಟ್ಟಿದ ಆಕೃತಿಗೆ ಬೆಂಕಿ ಕೊಡುತ್ತಾರೆ, ಅದು ಉರಿಯುವ ದಿಕ್ಕನ್ನು ನೋಡಿ ಮಳೆ ಬೆಳೆಯ ಭವಿಷ್ಯ ಊಹಿಸುತ್ತಾರೆ. ಜಾತಿಭೇದವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುವ ‘ಪಂಕ್ತಿಸೇವೆ’ಯೂ ಇಲ್ಲಿ ನಡೆಯುತ್ತದೆ. ಇದರಲ್ಲಿ ಮಾಂಸದಡುಗೆ ಇರುವುದರಿಂದ, ಪ್ರಾಣಿಬಲಿ ನಿಷೇಧದ ಕಾನೂನಿನ ಹಿನ್ನೆಲೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ವಾದವಿವಾದಗಳಾಗಿವೆ. ತಮ್ಮದು ಬಲಿಯಲ್ಲ, ಊಟ ಎಂಬುದು ಒಕ್ಕಲಿನವರ ವಾದ. ಹಾಡುವವರಿಗೆ ಇದು ದೂರದ ಸಂಗತಿಯಲ್ಲ. ಬಿಡಾರ ಹೂಡಿ ಅಡುಗೆ ಮಾಡುವ ಮಂದಿಯ ನಡುವೆಯೇ ನೀಲಗಾರರು ಕುಳಿತು ಹಾಡುವುದು. ಬಿಡಾರಗಳು ಖಾಲಿಯಾದರೆ ಕೇಳುಗರೂ ಇರುವುದಿಲ್ಲ.

ಬೀಸು ಕಂಸಾಳೆ

ನಿಂತು, ಕಂಸಾಳೆಯನ್ನು ಬೀಸುತ್ತ, ಒಬ್ಬರ ಬಟ್ಟಲಿಗೆ ಮತ್ತೊಬ್ಬರು ಬಡಿಯುತ್ತ ಮಾಡುವ ಕುಣಿತ ‘ಬೀಸು ಕಂಸಾಳೆ’. ಹತ್ತು ನಿಮಿಷದಲ್ಲಿ ಮುಗಿಸಬಹುದಾದ, ಭಾಷೆ ಬಾರದವರಿಗೂ ಹಿಡಿಸುವ ಕಲೆಯಾದ ಕಾರಣ ದಸರಾ ಮೆರವಣಿಗೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ಹೊರರಾಜ್ಯಗಳ ಉತ್ಸವಗಳಲ್ಲಿ ಇದಕ್ಕೆ ಸುಲಭವಾಗಿ ಸ್ಥಾನ ದೊರೆಯಿತು. ಕುಣಿತಕ್ಕೆ ದೊರೆತ ಈ ಮನ್ನಣೆ ಹಾಡಿಗೆ ದೊರೆಯಲಿಲ್ಲ. ಪ್ರದರ್ಶನಗಳಲ್ಲಿ ಸಾಲಿನ ಬದಲು ಬಿಡಿ ಸೊಲ್ಲುಗಳಷ್ಟೇ ಉಳಿದವು.

ಸಂಗ್ರಹ ಮತ್ತು ಮುದ್ರಣ

ಈ ಕಾವ್ಯಗಳನ್ನು ವಿದ್ವತ್ತಿನ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಹೊರತಂದಿದೆ. ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡದವರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಹದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ಅನುವಾದಿಸಿದರು. ಸಾಹಿತ್ಯ ಅಕಾಡೆಮಿ 2001ರಲ್ಲಿ ಅದನ್ನು ಪ್ರಕಟಿಸಿತು. ಹಾಡಿದವರು ‘ಮಾದಯ್ಯ ಮತ್ತು ಅವರ ತಂಡ’ ಎಂದು ಶೀರ್ಷಿಕೆಯಲ್ಲಿಯೇ ಹೇಳಿರುವುದು ನ್ಯಾಯವಾದ ಕ್ರಮ. ಕಥೆಗಾರನೊಬ್ಬನ ಹೆಸರನ್ನು ಮಾತ್ರ ನಮೂದಿಸಿ ಹಿಮ್ಮೇಳದವರನ್ನು ಬಿಟ್ಟುಬಿಡುವುದು ಜಾನಪದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಲೋಪ. ಮುದ್ರಣದಲ್ಲಿ ಸೊಲ್ಲನ್ನು ಒಮ್ಮೆ ಕೊಟ್ಟು ಉಳಿದೆಡೆ ಕೈಬಿಡುವುದು ಅನಿವಾರ್ಯವಿರಬಹುದು. ಹಾಗೆ ಮಾಡಿದಾಗ ಪುಟದಿಂದ ಮಾಯವಾಗುವುದು ಹಿಮ್ಮೇಳದ ಪಾಲೇ. 1979ರಲ್ಲಿ ಎಚ್.ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನಂಥ ಸಂಸ್ಥೆಗಳ ಧ್ವನಿಮುದ್ರಣಕ್ಕೆ ಪುಸ್ತಕಕ್ಕಿಲ್ಲದ ಬೆಲೆ ಬರುವುದು ಇದರಿಂದಾಗಿ.

ಕ್ಯಾಸೆಟ್, ರಂಗಭೂಮಿ, ಚಲನಚಿತ್ರ

ಕ್ಯಾಸೆಟ್ಟಿನ ಕಾಲದಲ್ಲಿ ಈ ಹಾಡುಗಾರಿಕೆ ಊರೂರಿನ ಚಹದಂಗಡಿ, ಬಸ್ಸುಗಳನ್ನು ತಲುಪಿತು. ಕಂಸಾಳೆ ಮಹದೇವಯ್ಯ, ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಮೊದಲಾದವರು ಮನೆಮಾತಾದರು. ಆದರೆ ಸಾಮಾನ್ಯ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ, ಒಟ್ಟು ಒಂದು ಗಂಟೆ. ಇರುಳಿಡೀ ಹಾಡುವ ಸಾಲನ್ನು ಅಷ್ಟರಲ್ಲಿ ಅಡಕಿಸಬೇಕಾದರೆ ಮೊದಲು ಬೀಳುವುದು ಮರುಹಾಡುವ ಸೊಲ್ಲು, ಆಮೇಲೆ ಹೂಂಗುಟ್ಟುವಿಕೆ. ಹಾರ್ಮೋನಿಯಂ, ತಬಲ ಸೇರಿಕೊಂಡವು. ಹಾಡು ಜನಪ್ರಿಯವಾಯಿತು, ಮೇಳ ಹಿಂದೆ ಸರಿದು ಗಾಯಕನೊಬ್ಬ ಮುಂದೆ ನಿಂತ. ಹಾಗೆಂದು ಕ್ಯಾಸೆಟ್ಟನ್ನು ದೂರುವುದೂ ಸಲ್ಲದು. ಸಂಕಮ್ಮನ ಹೆಸರನ್ನು ಕಾವೇರಿಯಾಚೆಯ ಎಷ್ಟೋ ಮನೆಗಳಿಗೆ ಮುಟ್ಟಿಸಿದ್ದು ಅದೇ.

ರಂಗಭೂಮಿಯಲ್ಲಿ ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಕಲ್ಯಾಣಪಟ್ಟಣದ ಸಾಲಿನ ಪ್ರಶ್ನೆಯನ್ನು ನಗರದ ಪ್ರೇಕ್ಷಕರ ಮುಂದಿಟ್ಟಿತು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಜನುಮದ ಜೋಡಿ’ (1996) ಚಿತ್ರದ ಹಾಡೊಂದರ ಮೂಲಕ ಮಹದೇಶ್ವರ ಪರಂಪರೆಯ ಮಟ್ಟು ನಾಡಿಗೆಲ್ಲ ಪರಿಚಿತವಾಯಿತು.

ಕಲಿಕೆ

ಈ ಕಲೆಗೆ ಪಠ್ಯವಿಲ್ಲ. ಹುಡುಗನೊಬ್ಬ ಮೊದಲು ಹಿಮ್ಮೇಳದ ಕೊನೆಯಲ್ಲಿ ಕುಳಿತು ಸೊಲ್ಲಿಗೆ ದನಿಗೂಡಿಸುತ್ತಾನೆ. ವರ್ಷಗಟ್ಟಲೆ ಅದೇ ಸಾಲುಗಳನ್ನು ಬೇರೆ ಬೇರೆ ಇರುಳುಗಳಲ್ಲಿ ಕೇಳುತ್ತ, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು, ತೂಕಡಿಸುವ ಕೇಳುಗರನ್ನು ಯಾವಾಗ ನಗಿಸಿ ಎಬ್ಬಿಸಬೇಕು ಎಂಬುದನ್ನು ಅರಿಯುತ್ತಾನೆ. ಕಥೆಗಾರನ ಗಂಟಲು ಕಟ್ಟಿದ ರಾತ್ರಿ ಒಂದು ತುಂಡನ್ನು ತಾನೇ ಹಾಡುವ ಅವಕಾಶ ಸಿಗುತ್ತದೆ. ಇಂದು ಶಿಬಿರಗಳಲ್ಲಿ, ಶಾಲೆಗಳಲ್ಲಿ ಕಂಸಾಳೆ ಕಲಿಸುವುದು ಹೆಚ್ಚಾಗಿದೆ. ಅಲ್ಲಿ ಕಲಿಯುವುದು ಬಹುಪಾಲು ಕುಣಿತದ ಹೆಜ್ಜೆ. ಹಿಮ್ಮೇಳದ ಕೊನೆಯ ಜಾಗದಲ್ಲಿ ಹತ್ತು ವರ್ಷ ಕೂರುವಷ್ಟು ಬಿಡುವು, ಕೆಲಸಕ್ಕಾಗಿ ಮೈಸೂರು, ಬೆಂಗಳೂರು, ತಿರುಪ್ಪೂರಿಗೆ ಹೋಗುವ ಹುಡುಗರಿಗೆ ಸಿಗುವುದಿಲ್ಲ. ಜಾತ್ರೆಗೆ ಊರಿಗೆ ಬಂದಾಗ ಅವರಲ್ಲಿ ಕೆಲವರು ಈಗಲೂ ಮೇಳದ ಹಿಂದೆ ಕುಳಿತು ಸೊಲ್ಲು ಹಿಡಿಯುತ್ತಾರೆ.